ಮಸ್ಕಿ ಬಂಡೆ ನೋಡದೆ ಮಸ್ಕಿ ಶಾಸನಕ್ಕೆ ಅಂಕ: ನಮ್ಮ ಕಡೆ ಎಂ.ಎ. ಪರೀಕ್ಷೆ ನಡೆದು ಬಂದ ದಾರಿ

ವಳಕಮದಿನ್ನಿಯ ಹುಡುಗನೊಬ್ಬ ಎಂ.ಎ. ಇತಿಹಾಸ ಓದುತ್ತಿದ್ದಾನೆ. ಪರೀಕ್ಷೆ ಮುಗಿಸಿ ಊರಿಗೆ ಬಂದವನು ಚಹಾದಂಗಡಿ ಮುಂದೆ ಸಿಕ್ಕ.

"ಪೇಪರ್ ಹೆಂಗಾತೋ ತಮ್ಮಾ?"

"ಚಲೋ ಆತ್ರಿ ಅಣ್ಣಾ. ಮಸ್ಕಿ ಶಾಸನದ ಮ್ಯಾಲ ಟಿಪ್ಪಣಿ ಕೇಳಿದ್ರು. ಎರಡು ಪುಟ ಬರದೆ."

"ಬಂಡೆ ನೋಡೀಯೇನು?"

"ಇಲ್ರೀ. ಗೈಡಿನಾಗ ಇತ್ತು."

ಅವನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಈ ಶಾಸನವನ್ನು ಪತ್ತೆ ಮಾಡಿದ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇತ್ತು. ಈ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಹಾಗಾಗಿ ಆ ಬಿರುದುಗಳ ರಾಜ ಅಶೋಕನೇ ಎಂಬುದು ಗಟ್ಟಿಯಾಯಿತು. ಆ ಮೇಲೆ ಮಧ್ಯಪ್ರದೇಶದ ಗುಜರಾ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಆ ಹೆಸರು ಸಿಕ್ಕಿತು. ಹುಡುಗ ಇಷ್ಟನ್ನೂ ಬರೆದಿದ್ದ. ಅಂಕವೂ ಬೀಳುತ್ತದೆ. ಆದರೆ ಬೈಕಿನಲ್ಲಿ ಹೋಗಿ ನೋಡಬಹುದಾದ ಬಂಡೆಯನ್ನು ಅವನು ಒಂದು ಸಲವೂ ನೋಡಿಲ್ಲ. ನೋಡಿದ್ದರೆ ಒಂದು ಅಂಕ ಹೆಚ್ಚು ಬರುತ್ತಿರಲಿಲ್ಲ ಎಂಬುದೂ ನಿಜ.

ಅವನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನು ಪತ್ರಿಕೋದ್ಯಮದ ಡಿಪ್ಲೊಮಾ ಮಾಡುವಾಗ 'ಗ್ರಾಮಸಭೆಯ ವರದಿ ಮಾಡುವುದು ಹೇಗೆ' ಎಂಬ ಪ್ರಶ್ನೆಗೆ ಮೂರು ಪುಟ ಉತ್ತರ ಬರೆದು ಒಳ್ಳೆ ಅಂಕ ತಗೊಂಡವನೇ. ಆಗ ಒಂದೂ ಗ್ರಾಮಸಭೆಗೆ ಹೋಗಿರಲಿಲ್ಲ. ಮೊದಲ ಗ್ರಾಮಸಭೆಗೆ ಹೋದಾಗ ಗದ್ದಲದೊಳಗೆ ಯಾರ ಮಾತು ಬರೆದುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಹಾಗಾದರೆ ಬಂಡೆ ನೋಡದೆ ಬಂಡೆಯ ಬಗ್ಗೆ ಬರೆಯುವ ಈ ಪರೀಕ್ಷೆ ಎಲ್ಲಿಂದ ಬಂತು? ಎಂ.ಎ. ಓದಿದವರನ್ನು ಅಳೆಯಲು ಬೇರೆ ದಾರಿ ಯಾರೂ ಹುಡುಕಲಿಲ್ಲವೇ? ಹುಡುಕಿದ್ದಾರೆ. ಆ ಕಥೆಯಲ್ಲಿ ನಮ್ಮ ಕಡೆಯ ಪಾಲೂ ಇದೆ.

ಉತ್ತರಪತ್ರಿಕೆ ಬರುವ ಮುಂಚೆ ನಮ್ಮ ದೇಶದಲ್ಲಿ ಮೇಲಿನ ಓದಿಗೆ ಬಾಯಿಯೇ ಪರೀಕ್ಷೆ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಚಾಲುಕ್ಯರ ಕಾಲದಲ್ಲಿ ದೊಡ್ಡ ಘಟಿಕಾಸ್ಥಾನ ಇತ್ತು. 1058ರ ಶಾಸನದಲ್ಲಿ ಅಲ್ಲಿನ ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೂ ಜಮೀನು ಕೊಟ್ಟ ಉಲ್ಲೇಖವಿದೆ. ಇಂಥ ಕಡೆ ಓದಿದವರು ಸಭೆಯಲ್ಲಿ ವಾದ ಮಾಡಿ ಗೆಲ್ಲಬೇಕಿತ್ತು. ಮಿಥಿಲೆಯ ಕಡೆ ಶಲಾಕಾ ಪರೀಕ್ಷೆ ಎಂಬುದಿತ್ತು. ಓಲೆಗರಿಯ ಕಟ್ಟಿಗೆ ಒಂದು ಸೂಜಿ ಚುಚ್ಚುವುದು, ಸೂಜಿಯ ಮೊನೆ ಯಾವ ಗರಿಗೆ ನಿಂತಿತೋ ಆ ಗರಿಯಲ್ಲಿರುವುದನ್ನು ಶಿಷ್ಯ ಅಲ್ಲೇ ವಿವರಿಸುವುದು. ಯಾವ ಗರಿ ಬರುತ್ತದೆಂದು ಗುರುವಿಗೂ ಗೊತ್ತಿಲ್ಲ. 'ಇಂಪಾರ್ಟೆಂಟ್ ಪ್ರಶ್ನೆ' ಗುರುತು ಹಾಕಿಕೊಂಡು ಓದಲು ಅಲ್ಲಿ ದಾರಿಯೇ ಇಲ್ಲ.

ಇದನ್ನು ಓದಿ ಹಳೆಯ ಕಾಲವೇ ಬಂಗಾರ ಅನ್ನಬೇಡಿ. ಆ ಸಭೆಯೊಳಗೆ ಕಾಲಿಡಲು ಯಾರಿಗೆ ಅನುಮತಿ ಇತ್ತು? ನಮ್ಮ ಊರುಗಳ ಮುಕ್ಕಾಲು ಮಂದಿಗೆ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಕೇಳಬೇಡಿ.

ಬ್ರಿಟಿಷರು 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸಿನಲ್ಲಿ ಮೂರು ವಿಶ್ವವಿದ್ಯಾಲಯ ಶುರು ಮಾಡಿದರು. ಲಂಡನ್ ವಿಶ್ವವಿದ್ಯಾಲಯ ಅವಕ್ಕೆ ಮಾದರಿ. ಒಂದು ಸಂಗತಿ ಕೇಳಿದರೆ ಈಗಿನವರಿಗೆ ಆಶ್ಚರ್ಯವಾಗಬಹುದು: ಅವು ಮೊದಲಿಗೆ ಪಾಠ ಹೇಳುವ ಜಾಗಗಳೇ ಅಲ್ಲ. ಪಾಠ ಕಾಲೇಜಿನದು, ವಿಶ್ವವಿದ್ಯಾಲಯದ್ದು ಪರೀಕ್ಷೆ ನಡೆಸಿ ಪದವಿ ಕೊಡುವ ಕೆಲಸ ಅಷ್ಟೆ. ಅಂದರೆ ನಮ್ಮಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದೇ ಪರೀಕ್ಷಾ ಕಚೇರಿಯಾಗಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಹಿಂದೆ ಬಾಯಿ ವಾದವೇ ನಡೆಯುತ್ತಿತ್ತು. ಬರೆಯುವ ಪರೀಕ್ಷೆ ಅದನ್ನು ನಿಧಾನಕ್ಕೆ ನುಂಗಿತು. ಅದೇ ನಮ್ಮಲ್ಲಿಗೂ ಬಂತು.

ಈ ಮೂರು ತಾಸಿನ ಪೇಪರನ್ನು ಬೈಯುವುದು ಸುಲಭ. ಆದರೆ ಅದು ಬಂದ ಕಾಲಕ್ಕೆ ಅದೇ ಹೊಸ ಉಪಾಯ. ತಿದ್ದುವವನಿಗೆ ಬರೆದವನ ಮುಖ ಕಾಣುವುದಿಲ್ಲ, ಅಪ್ಪ ಯಾರು, ಯಾವ ಓಣಿ ಎಂಬುದು ತಿಳಿಯುವುದಿಲ್ಲ. ಕಾಣುವುದು ಒಂದು ನಂಬರ್ ಮಾತ್ರ. ಸಭೆಯೊಳಗೆ ಬಿಡದ ಜಾತಿಯ ಹುಡುಗನಿಗೆ ಆ ನಂಬರಿನ ಮರೆ ದೊಡ್ಡ ಆಸರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ನಮ್ಮ ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿ ಪಾಠವೂ ಪರೀಕ್ಷೆಯೂ ಉರ್ದುವಿನಲ್ಲಿ. ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರಲು ಒಂದು ಅನುವಾದ ಇಲಾಖೆಯನ್ನೇ ಕಟ್ಟಿದ್ದರು. ದೇಶಭಾಷೆಯಲ್ಲಿ ಎಂ.ಎ.ವರೆಗೆ ಓದಿಸಿ ಬರೆಸಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯ, ಅದನ್ನು ಒಪ್ಪಬೇಕು. ಆದರೆ ಲಿಂಗಸುಗೂರು, ಸಿಂಧನೂರಿನ ಕಡೆಯಿಂದ ಹೋದ ಕನ್ನಡದ ಹುಡುಗನಿಗೆ ಅಲ್ಲಿ ಎರಡು ಪರೀಕ್ಷೆ. ಒಂದು ವಿಷಯದ್ದು, ಇನ್ನೊಂದು ಉರ್ದುವಿನದ್ದು. ಮೈಸೂರಿನಲ್ಲಿ ವಿಶ್ವವಿದ್ಯಾಲಯ 1916ರಲ್ಲಿ ಬಂದರೂ ಕನ್ನಡ ಎಂ.ಎ. ತರಗತಿ ಶುರುವಾಗಿದ್ದು 1927ರಲ್ಲಿ. ಕುವೆಂಪು 1929ರಲ್ಲಿ ಅಲ್ಲೇ ಎಂ.ಎ. ಮುಗಿಸಿದರು.

ಇದೇ ಕಾಲದಲ್ಲಿ ಬೇರೆ ರೀತಿಯ ಎಂ.ಎ. ಹೇಗಿತ್ತು ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಒಬ್ಬರ ಉದಾಹರಣೆ ಇದೆ. ಡಾ. ಬಿ.ಆರ್. ಅಂಬೇಡ್ಕರ್ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1915ರಲ್ಲಿ ಪ್ರಬಂಧ ಬರೆದು ಎಂ.ಎ. ಪಡೆದರು. ಮಸ್ಕಿ ಬಂಡೆ ಪತ್ತೆಯಾದ ವರ್ಷವೇ ಅದು! ಮರುವರ್ಷ 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಎಂಬ ಪ್ರಾಧ್ಯಾಪಕರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಲೇಖನ ಓದಿದರು. ಜಾತಿ ಹೇಗೆ ಹುಟ್ಟಿತು, ಹೇಗೆ ಹಬ್ಬಿತು ಎಂಬ ಆ ಲೇಖನವನ್ನು ಇವತ್ತಿಗೂ ಜಗತ್ತಿನ ಎಲ್ಲ ಕಡೆ ಓದುತ್ತಾರೆ.

ಯೋಚನೆ ಮಾಡಿ. 'ಜಾತಿ ಪದ್ಧತಿಯ ಲಕ್ಷಣಗಳನ್ನು ವಿವರಿಸಿ, 16 ಅಂಕ' ಎಂದು ಕೇಳಿದ್ದರೆ ಅವರು ಬೇರೆಯವರ ಪುಸ್ತಕದಲ್ಲಿದ್ದದ್ದನ್ನೇ ಬರೆಯಬೇಕಿತ್ತು. ಸೆಮಿನಾರಿನಲ್ಲಿ ತಾವೇ ವಿಷಯ ಕಟ್ಟಿ, ಎಲ್ಲರ ಮುಂದೆ ಇಟ್ಟು, ಬಂದ ಪ್ರಶ್ನೆಗೆ ಉತ್ತರಿಸಬೇಕಾಗಿತ್ತು. ಅವರು ಸ್ವತಃ ಅನುಭವಿಸಿದ ನೋವು ಅಲ್ಲಿ ವಿದ್ಯೆಯಾಗಿ ನಿಂತಿತು. ಆದರೆ ಇನ್ನೊಂದು ಮಗ್ಗುಲೂ ಇದೆ. ಆ ಕೋಣೆಯಲ್ಲಿ ಕುಳಿತಿದ್ದವರಿಗೆ ಅವರ ಜಾತಿ ಅಡ್ಡಿಯಾಗಿರಲಿಲ್ಲ. ಅದೇ ಲೇಖನವನ್ನು ಅದೇ ವರ್ಷ ನಮ್ಮ ದೇಶದ ಯಾವುದೋ ಕಾಲೇಜಿನಲ್ಲಿ ಮುಖ ತೋರಿಸಿ ಓದಿದ್ದರೆ ಎಷ್ಟು ಅಂಕ ಬರುತ್ತಿತ್ತೋ, ನೀವೇ ಹೇಳಿ.

ಸ್ವಾತಂತ್ರ್ಯ ಬಂದ ಮೇಲೆ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ಆಯೋಗ 1948-49ರಲ್ಲಿ ವಿಶ್ವವಿದ್ಯಾಲಯಗಳ ಸ್ಥಿತಿ ನೋಡಿತು. ಒಂದೇ ಒಂದು ಸುಧಾರಣೆ ಮಾಡಿ ಅಂದರೆ ನಾವು ಪರೀಕ್ಷೆಯನ್ನೇ ಸುಧಾರಿಸಿ ಅನ್ನುತ್ತೇವೆ ಎಂಬರ್ಥದ ಮಾತನ್ನು ಆ ಆಯೋಗ ಬರೆಯಿತು. ಎಲ್ಲರೂ ಹೌದೆಂದರು. ಕಲಾ ವಿಭಾಗಗಳಲ್ಲಿ ಬಹಳ ವರ್ಷ ಏನೂ ಬದಲಾಗಲಿಲ್ಲ.

ಕರ್ನಾಟಕದಲ್ಲಿ ಇದನ್ನು ಬುಡದಿಂದ ಬದಲಾಯಿಸಿ ತೋರಿಸಿದ್ದು ಕೃಷಿ ವಿಶ್ವವಿದ್ಯಾಲಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದವರು ಅದಕ್ಕೆ ಜೊತೆಗೂಡಿದ್ದರು. ವರ್ಷದ ಕೊನೆಗೆ ಒಂದೇ ದೊಡ್ಡ ಪರೀಕ್ಷೆ ಎಂಬ ಪದ್ಧತಿಯ ಬದಲು ಸಣ್ಣ ಅವಧಿಗಳು ಬಂದವು. ಪಾಠ ಹೇಳಿದವರೇ ನಡುನಡುವೆ ಪರೀಕ್ಷಿಸುವುದು, ಶೇಕಡಾ ಲೆಕ್ಕದ ಬದಲು ಗ್ರೇಡ್ ಕೊಡುವುದು ಆ ಪದ್ಧತಿಯ ಜೊತೆಗೇ ಬಂತು. 1986ರಲ್ಲಿ ಧಾರವಾಡಕ್ಕೆ, 2008ರಲ್ಲಿ ನಮ್ಮ ರಾಯಚೂರಿಗೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಬಂದಾಗ ಈ ರೂಢಿಯೂ ಜೊತೆಗೆ ಬಂತು.

ನಮ್ಮ ಊರುಗಳಲ್ಲಿ ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವ ಕಾಲೇಜು ಹುಡುಗ ಹುಡುಗಿಯರನ್ನು ನೀವು ನೋಡಿರಬಹುದು. ಕೆರೆ ಎಲ್ಲಿ, ಬಾವಿ ಎಲ್ಲಿ, ಯಾರ ಹೊಲದಾಗ ಏನು ಬೆಳೆ ಎಂದು ಕೇಳಿ ಕೇಳಿ ಗುರುತು ಮಾಡುತ್ತಾರೆ. ಅವರು ಬಿ.ಎಸ್ಸಿ. ಕೊನೆ ವರ್ಷದವರು. ಊರಲ್ಲಿ ಇದ್ದು ಕಲಿತದ್ದಕ್ಕೆ ಅವರಿಗೆ ಅಂಕವಿದೆ. ಎಂ.ಎಸ್ಸಿ.ಯವರದು ಇನ್ನೂ ಆಳದ ಕೆಲಸ. ಐಸಿಎಆರ್‌ನ ಈಚಿನ ನಿಯಮದಂತೆ ಸ್ನಾತಕೋತ್ತರ ಪದವಿಗೆ 70 ಕ್ರೆಡಿಟ್ ಬೇಕು. ಅದರಲ್ಲಿ 30 ಕ್ರೆಡಿಟ್ ಸಂಶೋಧನಾ ಪ್ರಬಂಧಕ್ಕೇ. ಅಂದರೆ ಹತ್ತಿರ ಹತ್ತಿರ ಅರ್ಧ ಪದವಿ ಪರೀಕ್ಷಾ ಕೊಠಡಿಯ ಹೊರಗೆ.

ಸಿಂಧನೂರಿನ ಕಡೆ ಕಾಲುವೆ ನೀರು ನಿಂತು ಸವಳಾದ ಭೂಮಿ ನಿಮಗೆ ಗೊತ್ತೇ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಬಗ್ಗೆಯೇ ಸಂಶೋಧನೆ ನಡೆಯುತ್ತದೆ. ಇಂಥ ವಿಷಯ ಹಿಡಿದ ವಿದ್ಯಾರ್ಥಿ ಹೊಲವನ್ನು ತುಂಡು ತುಂಡು ಮಡಿ ಮಾಡಿ, ಒಂದೊಂದಕ್ಕೆ ಒಂದೊಂದು ಉಪಚಾರ ಕೊಟ್ಟು, ಮತ್ತೆ ಮತ್ತೆ ಮಣ್ಣು ತೆಗೆದು ಅಳೆಯಬೇಕು. ಮಾರ್ಗದರ್ಶಕರ ಸಮಿತಿ ಬೆಳೆ ಇರುವಾಗಲೇ ಬಂದು ನೋಡುತ್ತದೆ. ಕೊನೆಗೆ ಹೊರಗಿನ ಪರೀಕ್ಷಕರು ಪ್ರಬಂಧ ಓದಿ, ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಅಂಕಿ ಹೊಂದಿಸುವವರು ಎಲ್ಲಾ ಕಡೆ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ನಿಂತ ಬೆಳೆಯನ್ನು ಪಕ್ಕದವನ ಪೇಪರ್ ನೋಡಿ ಬರೆಯಲು ಬರುವುದಿಲ್ಲ.

ಸಮಾಜಕಾರ್ಯ, ಅಂದರೆ ಎಂ.ಎಸ್.ಡಬ್ಲ್ಯೂ. ಕೂಡ ಹೀಗೆಯೇ. ಈ ವಿದ್ಯೆ ನಮ್ಮ ದೇಶದಲ್ಲಿ 1936ರಲ್ಲಿ ಬೊಂಬಾಯಿಯ ಟಾಟಾ ಸಂಸ್ಥೆಯಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಬಂತು. ವಾರದಲ್ಲಿ ಕೆಲವು ದಿನ ಆಸ್ಪತ್ರೆ, ಶಾಲೆ, ಪಂಚಾಯ್ತಿಗಳಲ್ಲಿ ಕ್ಷೇತ್ರಕಾರ್ಯ, ಹಳ್ಳಿಯಲ್ಲಿ ಶಿಬಿರ, ದಿನದಿನದ ವರದಿ, ಕೊನೆಗೆ ಮೌಖಿಕ ಪರೀಕ್ಷೆ. ಕ್ಷೇತ್ರಕಾರ್ಯದಲ್ಲಿ ಪಾಸಾಗದೆ ಎಷ್ಟು ಚೆನ್ನಾಗಿ ಪೇಪರ್ ಬರೆದರೂ ಉಪಯೋಗವಿಲ್ಲ.

ಇನ್ನು ಕನ್ನಡ, ಜಾನಪದದ ಕಡೆ ಬರೋಣ. ನನಗೆ ಇದು ಎಲ್ಲಕ್ಕಿಂತ ಪ್ರೀತಿಯ ಭಾಗ. ಮೈಸೂರು ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಕೊನೆಗೆ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದರು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅದರ ಹಿಂದಿದ್ದವರು. ಊರೂರು ತಿರುಗಿ ಬೊಂಬೆ, ವೇಷ, ವಾದ್ಯ, ಒಕ್ಕಲುತನದ ಸಾಮಾನು ತಂದು ಕೂಡಿಸಿದರು. ಹಳ್ಳಿಯಲ್ಲಿ ಮೂಲೆಗೆ ಬಿದ್ದಿದ್ದ ಸಾಮಾನು ವಿಶ್ವವಿದ್ಯಾಲಯದೊಳಗೆ ವಿದ್ಯೆಯಾಗಿ ಕುಳಿತಿತು. ಜಾನಪದ ಎಂ.ಎ. ವಿಷಯವಾದ ಮೇಲೆ ವಿದ್ಯಾರ್ಥಿ ಕ್ಷೇತ್ರಕ್ಕೆ ಹೋಗಿ ಹಾಡು, ಕಥೆ, ಆಚರಣೆ ಸಂಗ್ರಹಿಸುವುದು, ಯಾರು ಹಾಡಿದರು, ಯಾವ ಸಂದರ್ಭದಲ್ಲಿ ಎಂದು ಬರೆಯುವುದು ಓದಿನ ಭಾಗವಾಯಿತು.

ಇದರಿಂದ ಒಂದು ತಲೆಕೆಳಗಾದ ಮಾತು ನಡೆಯಿತು. ಪೇಪರ್ ಪರೀಕ್ಷೆಯಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಯ ಮಗು ಮುಂದೆ, ನಮ್ಮ ಮಗು ಹಿಂದೆ. ಮುದಗಲ್ಲಿನ ಮೊಹರಂ ಬಗ್ಗೆಯೋ ಬೀಸುವ ಪದದ ಬಗ್ಗೆಯೋ ಪ್ರಬಂಧ ಬರಿ ಅಂದರೆ ನಮ್ಮ ಮಗು ಮುಂದೆ. ಅವನಿಗೆ ಅಲಾಯಿ ಕುಣಿ ಎಲ್ಲಿ ತೋಡುತ್ತಾರೆ, ಹೆಜ್ಜೆ ಹೇಗೆ ಹಾಕುತ್ತಾರೆ ಎಂಬುದು ಗೊತ್ತು. ಅವಳ ಅಜ್ಜಿಗೇ ನೂರು ಪದ ಬಾಯಲ್ಲಿವೆ. ಮನೆಯಲ್ಲಿ ಒಬ್ಬರೂ ಓದಿದವರಿಲ್ಲ ಎಂಬ ಮಗುವಿನ ಮನೆಯೇ ಅವತ್ತು ಗ್ರಂಥಾಲಯ.

ಆದರೆ ನಮ್ಮ ಜಿಲ್ಲೆಗೆ ಸ್ನಾತಕೋತ್ತರ ಓದು ಬಹಳ ತಡವಾಗಿ ಹತ್ತಿರ ಬಂತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜುಗಳು ಉಸ್ಮಾನಿಯಾದಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದವು. ಧಾರವಾಡದವರು 1970ರಲ್ಲಿ ಗುಲ್ಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದರು. 1980ರಲ್ಲಿ ಅದೇ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಯರಗೇರಾದ ಸ್ನಾತಕೋತ್ತರ ಕೇಂದ್ರ ಮೊನ್ನೆ ಮೊನ್ನೆ ರಾಯಚೂರಿನ ಸ್ವಂತ ವಿಶ್ವವಿದ್ಯಾಲಯವಾಯಿತು. ಸೆಮಿಸ್ಟರ್ ಬಂತು. 2015ರಲ್ಲಿ ಯುಜಿಸಿ ಸಿಬಿಸಿಎಸ್ ಪದ್ಧತಿಯ ಮಾರ್ಗಸೂಚಿ ಕೊಟ್ಟಿತು. ಈಗ ಬಹುತೇಕ ಕಡೆ ನೂರಕ್ಕೆ 20ರಿಂದ 30 ಅಂಕ ಆಂತರಿಕ: ಕಿರುಪರೀಕ್ಷೆ, ಸೆಮಿನಾರ್, ಅಸೈನ್‌ಮೆಂಟ್. ಕೊನೆ ಸೆಮಿಸ್ಟರಿಗೆ ಕಿರುಪ್ರಬಂಧ.

ಹಿಂದೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಮಾತು ಇಲ್ಲಿಗೆ ಬರುತ್ತದೆ. ಹೊರಗಿನ ಪೇಪರಿಗೆ ನಂಬರಿನ ಮರೆ ಇದೆ. ಸ್ನಾತಕೋತ್ತರದ ಉತ್ತರಪತ್ರಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದುವ ಪದ್ಧತಿ ಇದೆ. ಇಬ್ಬರ ಅಂಕದಲ್ಲಿ ಅಂತರ ಬಹಳವಾದರೆ ಮೂರನೆಯವರಿಗೆ ಹೋಗುತ್ತದೆ. ಆಂತರಿಕ ಅಂಕಕ್ಕೆ ಇಂಥ ಮರೆ ಇಲ್ಲ. ಮುಖ ಕಾಣುತ್ತದೆ, ಊರು ಗೊತ್ತು, ಅಡ್ಡಹೆಸರು ಗೊತ್ತು. ಒಳ್ಳೆಯ ಮೇಷ್ಟ್ರ ಕೈಯಲ್ಲಿ ಅದು ವರ. ಅಂಥವರು ಮಾತಾಡಲು ಹೆದರುವ ಹುಡುಗಿಯನ್ನು ಸೆಮಿನಾರಿಗೆ ನಿಲ್ಲಿಸಿ, ಎರಡನೇ ಸಲ ನಿಲ್ಲಿಸಿ, ಮೂರನೇ ಸಲಕ್ಕೆ ಅವಳ ದನಿ ಹೊರಡಿಸುತ್ತಾರೆ. ಬೇರೆ ರೀತಿಯವರ ಕೈಯಲ್ಲಿ ಅದೇ ಅಂಕ ಹಗ್ಗವಾಗುತ್ತದೆ. "ಸರ್ ವಿರುದ್ಧ ಮಾತಾಡಿದ್ರ ಇಂಟರ್ನಲ್ ಹೋಗತಾವ್ರಿ ಅಣ್ಣಾ" ಎಂಬ ಮಾತನ್ನು ನಾನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೆಸರು ಹಾಕಿ ಬರೆಯಲು ಒಬ್ಬರೂ ಒಪ್ಪುವುದಿಲ್ಲ. ಆ ಭಯದ ಕಾರಣಕ್ಕೇ ಮತ್ತೆ ಪೇಪರ್ ಒಂದೇ ಸಾಕು ಅನ್ನುವವರಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಆಂತರಿಕ ಅಂಕ ಯಾಕೆ ಬಂತು, ಯಾಕೆ ಹೋಯಿತು ಎಂದು ಬರೆದು ಮಕ್ಕಳ ಕೈಗೆ ಕೊಡಲಿ, ಗೋಡೆಗೆ ಹಚ್ಚಲಿ. ಸೆಮಿನಾರಿಗೆ ಹೊರಗಿನವರೊಬ್ಬರು ಕೂರಲಿ. ಕೃಷಿಯವರು ಪ್ರಬಂಧಕ್ಕೆ ಹೊರಗಿನವರನ್ನು ಕರೆಯುವುದು ಸುಮ್ಮನೆ ಅಲ್ಲ.

ಕಿರುಪ್ರಬಂಧದ ಇನ್ನೊಂದು ರೋಗ ಎಲ್ಲರಿಗೂ ಗೊತ್ತು. ಹೋದ ವರ್ಷದವರ ಪ್ರಬಂಧ, ಊರಿನ ಹೆಸರು ಬದಲು, ಕ್ಯಾಲಿಕೋ ಬೈಂಡ್, ಬಂಗಾರದ ಅಕ್ಷರ. ಡಿಟಿಪಿ ಅಂಗಡಿಯವರಿಗೆ ಯಾವ ವಿಷಯದ ಫೈಲ್ ಎಲ್ಲಿದೆ ಎಂದು ಬಾಯಿಪಾಠ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮ ತಂದಿತು. ಶೇ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆಯಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಆದರೆ ಹಳೆಯ ಕನ್ನಡ ಪ್ರಬಂಧಗಳು ಕಂಪ್ಯೂಟರಿಗೆ ಏರದೆ ಕಪಾಟಿನಲ್ಲೇ ಇದ್ದರೆ ಯಾವ ಸಾಫ್ಟ್‌ವೇರ್ ಹಿಡಿದೀತು? ಈಗಂತೂ ಫೋನಿಗೆ ಕೇಳಿದರೆ ಅದೇ ಬರೆದು ಕೊಡುತ್ತದೆ. ಅದು ಯಾರದ್ದೂ ನಕಲು ಅಲ್ಲ, ಹುಡುಗನದ್ದೂ ಅಲ್ಲ.

ಹಾಗಾಗಿ ಹೊಸದು ಹೊಸದು ಅಂತ ಹುಡುಕುತ್ತಾ ಹೋದವರು ಹಳೆಯ ಸೂಜಿಯ ಹತ್ತಿರವೇ ಬಂದು ನಿಲ್ಲುವಂತಾಗಿದೆ. ಪ್ರಬಂಧ ಮುಂದಿಟ್ಟುಕೊಂಡು ಯಾವುದೋ ಒಂದು ಪುಟ ತೆಗೆದು 'ಇದನ್ನು ಹೇಳಪ್ಪಾ' ಅಂದರೆ ಸಾಕು, ಬರೆದವರು ಯಾರೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕೂ ಮುಂದೆ ಹೋಗಿ ನನ್ನದೊಂದು ಆಸೆ ಇದೆ. ಊರಿನ ಬಗ್ಗೆ ಬರೆದ ಪ್ರಬಂಧವನ್ನು ಆ ಊರಿನ ಕಟ್ಟೆಯ ಮೇಲೆ ಒಮ್ಮೆ ಓದಿಸಬೇಕು. ಪದ ಹಾಡಿದ ಅವ್ವ, ಹೊಲ ಕೊಟ್ಟ ತಾತ ಎದುರಿಗೆ ಕೂತು 'ಹಂಗಲ್ಲಪ್ಪಾ, ನಾ ಹಂಗ ಹೇಳಿಲ್ಲ' ಅನ್ನುವ ಹಕ್ಕು ಅವರಿಗೂ ಇರಬೇಕು. ಅವರಿಗೆ ಅಂಕ ಕೊಡುವ ಅಧಿಕಾರ ಬೇಡ, ಕೇಳಿಸಿಕೊಳ್ಳುವ ಅವಕಾಶ ಸಾಕು.

ನಮ್ಮ ಹುಡುಗನಿಗೆ ಈಗ ಕೊನೆ ಸೆಮಿಸ್ಟರ್. ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬಂದಿದ್ದ. "ನಮ್ಮ ಕಡಿ ಏನೈತ್ರಿ ಅಣ್ಣಾ ಬರಿಯಾಕ?" ಅಂದ. ದಿನ್ನಿ ಅಂದರೆ ಏರು ನೆಲ, ನಮ್ಮ ಸೀಮೆಯಲ್ಲಿ ದಿನ್ನಿ ಎಂಬ ಹೆಸರಿನ ಊರು ಎಷ್ಟಿವೆ ಎಣಿಸು ಅಂದೆ. ಲಿಂಗಸುಗೂರು ಸೀಮೆಯ ಬೂದಿದಿನ್ನೆಗಳ ಬಗ್ಗೆ, ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿಯ ಬಗ್ಗೆ ಹೇಳಿದೆ. ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸ 1952ರಲ್ಲಿ ಇಲ್ಲೇ ಪಿಕಳಿಹಾಳದಲ್ಲಿ ಅಗೆದದ್ದು, 1954ರಲ್ಲಿ ಥಾಪರ್ ಮಸ್ಕಿಯಲ್ಲಿ ಅಗೆದದ್ದನ್ನೂ ಹೇಳಿದೆ. ಮೊದಲು ಆ ಬಂಡೆ ನೋಡಿ ಬಾ ಅಂದೆ.

ಹೋದ ಭಾನುವಾರ ಫೋನ್ ಬಂತು.

"ಬಂಡಿ ಮುಂದ ನಿಂತೀನ್ರಿ ಅಣ್ಣಾ. ಸಾಲಿನ ನಡು ನಡು ಅಕ್ಷರ ಹೋಗ್ಯಾವ. ಗೈಡಿನಾಗ ಅರ್ಥ ಪೂರಾ ಐತಲ್ರೀ, ಹೋದ ಅಕ್ಷರ ಯಾರು ತುಂಬಿದ್ರು?"

ಇದೇ ಶಾಸನದ ಪಾಠ ರೂಪನಾಥ, ಸಹಸ್ರಾಮ್, ಬ್ರಹ್ಮಗಿರಿ ಹೀಗೆ ಬೇರೆ ಕಡೆಯೂ ಇದೆ, ಅವನ್ನು ಪಕ್ಕಕ್ಕಿಟ್ಟು ಹೋಲಿಸಿ ವಿದ್ವಾಂಸರು ಬಿಟ್ಟಜಾಗ ತುಂಬಿದ್ದಾರೆ ಅಂದೆ.

"ಹೌದೇನ್ರೀ? ಹಂಗಾದ್ರ ತುಂಬಿದ್ದು ಖರೆನೋ ಸುಳ್ಳೋ ನೋಡಬೇಕಲ್ರೀ" ಅಂದ. ಅವತ್ತು ಸಂಜೆಯವರೆಗೂ ಊರಿಗೆ ಬಂದಿರಲಿಲ್ಲವಂತೆ, ಅವರವ್ವ ನನಗೆ ಫೋನ್ ಮಾಡಿ ಬೈದಳು.